ರಫರ್ಡ್ ಸಣ್ಣ ಅನುದಾನ: ಹೊಳೆ ಆಮೆ ಹಿಂದೆ ಹೋಗುವವರಿಗೆ ಒಂದು ರಿವ್ಯೂ

ಹುಲಿ, ಆನೆ ಅಂದರೆ ದುಡ್ಡು ಹಾಕುವವರು ಹೇಗೋ ಸಿಗುತ್ತಾರೆ. ಹೊಳೆಯಲ್ಲಿ ಮೂಗಿನ ತುದಿ ಮಾತ್ರ ತೋರಿಸಿ ಮುಳುಗಿಬಿಡುವ ಆಮೆಗೆ ಯಾರು ಹಾಕುತ್ತಾರೆ? ಎಂ.ಎಸ್ಸಿ. ಮುಗಿಸಿದ ಮೇಲೆ ಗಂಗಾವತಿಯ ನಮ್ಮ ಮನೆಯಲ್ಲಿ ಕೂತು ನಾನು ಹುಡುಕಿದ್ದು ಇದನ್ನೇ. ಕೊನೆಗೆ ಪ್ರಕೃತಿ ಸಂರಕ್ಷಣೆಗೆ ದುಡ್ಡು ಕೊಡುವ ಲಂಡನ್ನಿನ ರಫರ್ಡ್ ಫೌಂಡೇಶನ್ನಿನ ಮೊದಲ ಹಂತದ ಸಣ್ಣ ಅನುದಾನ ಸಿಕ್ಕಿತು. ಸುಮಾರು ಆರು ಸಾವಿರ ಪೌಂಡ್. ನಮ್ಮ ರೂಪಾಯಿಯಲ್ಲಿ ಆರು ಲಕ್ಷದ ಆಸುಪಾಸು.

ಕೆಲಸ ತುಂಗಭದ್ರೆಯಲ್ಲಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದಾರೆ. ನೀರುನಾಯಿಗೆ ಹೆಸರು ಬಂತು. ಅದೇ ಮಡುವಿನಲ್ಲಿರುವ ಲೀತ್ ಮೆದುಚಿಪ್ಪಿನ ಆಮೆಯ ಸುದ್ದಿ ಯಾರಿಗೂ ಬೇಡ. ಭಾರತದ ಪರ್ಯಾಯ ದ್ವೀಪ ಬಿಟ್ಟರೆ ಅದು ಬೇರೆಲ್ಲೂ ಇಲ್ಲ. ಕಾಡುಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ ಸೈಟಿಸ್. 2022ರಲ್ಲಿ ಪನಾಮಾದಲ್ಲಿ ನಡೆದ ಅದರ ಸಭೆಯಲ್ಲಿ ಭಾರತವೇ ಕೇಳಿಕೊಂಡು ಈ ಆಮೆಯನ್ನು ಅತಿ ಬಿಗಿ ನಿಯಮದ ಮೊದಲ ಅನುಬಂಧಕ್ಕೆ ಏರಿಸಿತು. ಅಂದರೆ ಹುಲಿಯ ಸಾಲಿಗೆ. ಆದರೆ ಈ ಹೊಳೆಯಲ್ಲಿ ಅದು ಎಲ್ಲೆಲ್ಲಿ ಉಳಿದಿದೆ ಅಂತ ಕೇಳಿದರೆ ಉತ್ತರ ಇದ್ದದ್ದು ಮೀನುಗಾರರ ಬಾಯಲ್ಲಿ ಮಾತ್ರ.

ದುಡ್ಡು ಹೋದದ್ದೂ ಬಹುಪಾಲು ಅವರಿಗೇ. ಹರಿಗೋಲಿನ ಬಾಡಿಗೆ, ಹುಟ್ಟು ಹಾಕುವವರ ಕೂಲಿ, ಬೈಕಿನ ಪೆಟ್ರೋಲ್, ಒಂದು ಸೆಕೆಂಡ್ ಹ್ಯಾಂಡ್ ಬೈನಾಕ್ಯುಲರ್, ಕನ್ನಡ-ತೆಲುಗು ಎರಡರಲ್ಲೂ ಅಚ್ಚು ಹಾಕಿಸಿದ ಪೋಸ್ಟರ್. ಹೆಚ್ಚಿನ ಪಾಲು ಹಣ ಫೀಲ್ಡ್ ಕೆಲಸಕ್ಕೇ ಹೋಗಬೇಕು ಎನ್ನುವುದು ರಫರ್ಡ್ ನಿಯಮ. ನನಗೆ ಇದು ಇಷ್ಟ. ಕಚೇರಿ ಕುರ್ಚಿಗೆ, ಸಮ್ಮೇಳನದ ವಿಮಾನಕ್ಕೆ ಹಣ ಸೋರುವುದಿಲ್ಲ. ಆದರೆ ಅದೇ ನಿಯಮದ ಇನ್ನೊಂದು ಮುಖವನ್ನೂ ನೋಡಿ. ಹುಟ್ಟು ಹಾಕಿದವರಿಗೆ ಕೂಲಿ ಸಿಕ್ಕಿತು, ಲೆಕ್ಕ ಬರೆದ ನನ್ನ ಪಾಲಿಗೆ ತಿಂಗಳ ಖರ್ಚಿಗೂ ಸಾಲದಷ್ಟು. ಅಪ್ಪನ ಮನೆ ಊಟ ಇಲ್ಲದಿದ್ದರೆ ಈ ಅನುದಾನ ನಡೆಯುತ್ತಿರಲಿಲ್ಲ. ಬಾಡಿಗೆ ಮನೆಯಲ್ಲಿರುವ, ತಂಗಿಯ ಫೀಸು ಕಟ್ಟಬೇಕಾದ ಹುಡುಗನೋ ಹುಡುಗಿಯೋ ಏನು ಮಾಡಬೇಕು? ಸಣ್ಣ ಅನುದಾನಗಳ ದೊಡ್ಡ ಕೊರತೆ ಇದೇ ಅಂತ ನನ್ನ ಅಭಿಪ್ರಾಯ. ಇದು ರಫರ್ಡ್ ಒಂದರದ್ದೇ ಅಲ್ಲ ಬಿಡಿ.

ಅರ್ಜಿ ಸರಳ. ಏನು ಮಾಡುತ್ತೀರಿ, ಯಾಕೆ, ಎಷ್ಟು ಖರ್ಚು, ನಿಮ್ಮ ಬಗ್ಗೆ ಹೇಳಬಲ್ಲ ಮೂವರು ಯಾರು. ದೊಡ್ಡ ಹೆಸರು, ಪಿಎಚ್‌.ಡಿ. ಏನೂ ಬೇಕಿಲ್ಲ. ಆದರೆ ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂನಲ್ಲಿ ಓದಿ ಹೊಳೆಯನ್ನು ಅಂಗೈಯಷ್ಟು ಬಲ್ಲವರು ಇಲ್ಲೇ ಹೊರಗುಳಿಯುತ್ತಾರೆ. ಅಂಥವರು ಇಂಗ್ಲಿಷ್ ಬರೆಯಬಲ್ಲ ಗೆಳೆಯರನ್ನು ಜೊತೆ ಮಾಡಿಕೊಳ್ಳಿ.

ಈ ಅನುದಾನದ ನಿಜವಾದ ಆಸ್ತಿ ಅವರ ವೆಬ್‌ಸೈಟು. ದುಡ್ಡು ಪಡೆದ ಯೋಜನೆಗಳ ವಿವರ, ವರದಿ ಅಲ್ಲಿ ಯಾರು ಬೇಕಾದರೂ ಓದುವಂತೆ ಇರುತ್ತವೆ. ಅರ್ಜಿ ಹಾಕದಿದ್ದರೂ ಓದಿ. ಬಲೆ ಹರಿದದ್ದು, ಪ್ರವಾಹ ಬಂದು ಸರ್ವೆ ನಿಂತದ್ದು, ಊರಿನವರು ಮೊದಲು ಮಾತೇ ಆಡದಿದ್ದದ್ದು, ಪ್ರಬಂಧಗಳಲ್ಲಿ ಸಿಗದ ಇಂಥ ಸಂಗತಿಗಳು ಅಲ್ಲಿ ಸಿಗುತ್ತವೆ. ನನ್ನ ಬಜೆಟ್ಟಿನ ಅರ್ಧ ಬುದ್ಧಿ ಅಲ್ಲಿಂದ ಬಂದದ್ದು.

ಕೈಗೆ ಹಣ ಬರುವ ದಾರಿ ಮಾತ್ರ ನಮ್ಮ ದೇಶದಲ್ಲಿ ಡೊಂಕು. ವಿದೇಶಿ ದೇಣಿಗೆ ಎಂದರೆ ಅದಕ್ಕೆಂದೇ ಇರುವ ಕಾಯ್ದೆ, ಎಫ್‌ಸಿಆರ್‌ಎ. 2020ರ ತಿದ್ದುಪಡಿ ಬಂದ ಮೇಲೆ ಒಂದು ಸಂಸ್ಥೆ ತಾನು ಪಡೆದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಹಾಗಾಗಿ ಹಣ ಯಾವ ಖಾತೆಗೆ ಬರಬೇಕು ಎಂದು ಅರ್ಜಿಗೆ ಮುಂಚೆಯೇ ತೀರ್ಮಾನಿಸಿ. ಅರಣ್ಯ ಇಲಾಖೆಯ ಅನುಮತಿಯೂ ಅಷ್ಟೇ. ಈ ಆಮೆಯನ್ನು ಹಿಡಿದು ಅಳೆಯಬೇಕೆಂದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಲಂಡನ್ನಿನಿಂದ ಒಪ್ಪಿಗೆ ಬಂತು ಅಂತ ಹರಿಗೋಲು ಹತ್ತಬೇಡಿ. ನಾವು ಹಿಡಿಯುವ ಗೋಜಿಗೇ ಹೋಗಲಿಲ್ಲ. ದಡದಲ್ಲಿ ಕೂತು ನೋಡಿದೆವು, ಮೀನುಗಾರರನ್ನು ಕೇಳಿದೆವು. ಅದೇ ಸಾಕಷ್ಟು ಹೇಳಿತು: ಮರಳು ತೆಗೆದ ದಂಡೆಯಲ್ಲಿ ಆಮೆ ಕಂಡವರೇ ಕಡಿಮೆ. ಮೀನಿಗಾಗಿ ಮದ್ದು ಸಿಡಿಸುವ ಕಡೆ ಇನ್ನೂ ಕಡಿಮೆ.

ಇನ್ನೊಂದು ಆಯ್ಕೆ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ನಿಧಿ. 25,000 ಡಾಲರ್‌ವರೆಗೆ ಕೊಡುತ್ತಾರೆ. ಒಂದು ನಿರ್ದಿಷ್ಟ ಪ್ರಭೇದದ ಮೇಲೆ ಕೆಲಸ ಮಾಡುವವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಹೊಳೆ, ಆಮೆ, ಮೀನುಗಾರ, ಶಾಲೆ ಎಲ್ಲ ಸೇರಿಸಿ ಯೋಚಿಸುವವರಿಗೆ ರಫರ್ಡ್ ವಾಸಿ. ಮೊದಲ ಸಲ ಚೆನ್ನಾಗಿ ಮಾಡಿದರೆ ಎರಡನೇ ಅನುದಾನಕ್ಕೆ ಅರ್ಜಿ ಹಾಕಬಹುದು. ಮುಂದೆ ಬೂಸ್ಟರ್ ಹಂತವೂ ಇದೆ. ಆಮೆಯಂಥ ನಿಧಾನದ ಪ್ರಾಣಿಗೆ ಒಂದು ವರ್ಷದ ಕೆಲಸ ಏನೇನೂ ಅಲ್ಲ ಅಲ್ವಾ? ಈ ಏಣಿ ಇರುವುದಕ್ಕೇ ನಾನು ಐದರಲ್ಲಿ ನಾಲ್ಕು ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಅಂಕ, ಮೇಲೆ ಹೇಳಿದ ಸಂಬಳದ ಕೊರತೆಗೆ.