ಸೂಪರ್ ಗ್ಲೂ ಹನಿ ಹಾಕಕ್ಕೆ ಏನೇನೋ ತಗೊಂಡೆ, ಗೆದ್ದಿದ್ದು ಹೊಲಿಗೆ ಸೂಜಿ

ಹೋದ್ ಆಷಾಢದಲ್ಲಿ ಸಕಲೇಶಪುರದ ಕಡೆ ಒಂದು ಭಜನೆ ಮಂಡಳಿಯೋರು ಹಾರ್ಮೋನಿಯಂ ತಂದ್ಕೊಟ್ರು, ಮೂರು ಮನೆ (ಅಂದ್ರೆ ಬೆರಳಲ್ಲಿ ಒತ್ತೋ ಕೀ) ಮೇಲಿನ ಬಿಳಿ ಪಟ್ಟಿ ಎದ್ದೋಗಿತ್ತು ಅಷ್ಟೆ, ಹತ್ತು ನಿಮಿಷದ ಕೆಲ್ಸ. ನಾನು ಹಾಸನದಲ್ಲಿ ಮನೆ ಮುಂದಿನ ರೂಮಲ್ಲೇ ಹಾರ್ಮೋನಿಯಂ, ಗಿಟಾರು, ಆಗೊಂದು ಈಗೊಂದು ಪಿಟೀಲು ರಿಪೇರಿ ಮಾಡ್ಕೊಂಡಿರೋನು. ಎಲ್ಲರ ಮನೇಲೂ ಇರತ್ತಲ್ಲ ಐದ್ರೂಪಾಯಿ ಟ್ಯೂಬು, ಅದನ್ನೇ ಸೀದಾ ಒತ್ತಿದೆ. ಟ್ಯೂಬ್ ಮೂತಿಯಿಂದ ಬಂದಿದ್ದು ಸಾಸಿವೆಯಷ್ಟಲ್ಲ, ಹುಣಸೆ ಬೀಜದಷ್ಟು. ಪಟ್ಟಿ ಅಂಟ್ತು, ಪಕ್ಕದ ಮನೆನೂ ಅಂಟ್ತು. ಸಾಯಂಕಾಲ ಆ ಮಂಡಳಿಯ ಅಜ್ಜ ಬಂದು ಷಡ್ಜ ಒತ್ತಿದ್ರು, ನನ್ನ ಮುಖ ನೋಡಿದ್ರು, “ಏನಪ್ಪಾ, ಒಂದ್ ಮನೆ ಕರೆದ್ರೆ ಎರಡ್ ಮನೆಯೋರು ಬರ್ತಾವ್ರಲ್ಲೋ” ಅಂದ್ರು. ಅಸಿಟೋನ್ (ನೇಲ್ ಪಾಲಿಷ್ ತೆಗೆಯೋ ದ್ರವ) ಹಾಕಿ ಬಿಡ್ಸೋಣ ಅಂದ್ರೆ ಆ ಬಿಳಿ ಪ್ಲಾಸ್ಟಿಕ್ಕೇ ಕರಗೋಗತ್ತೆ, ಹಂಗಾಗಿ ಬ್ಲೇಡ್ ತೂರ್ಸಿ ಕೂದಲೆಳೆ ಲೆಕ್ಕದಲ್ಲಿ ಬಿಡಿಸ್ಬೇಕಾಯ್ತು, ಅರ್ಧ ದಿನ ಹೋಯ್ತು, ದುಡ್ಡು ಕೇಳಕ್ಕೂ ಬಾಯಿ ಬರ್ಲಿಲ್ಲ.

ಅವತ್ತಿಂದ ಶುರುವಾಯ್ತು ನೋಡಿ ಈ ಹುಚ್ಚು. ಗ್ಲೂ ಚೆನ್ನಾಗೇ ಇದೆ, ಅದರ ಮೂತಿ ಸರಿ ಇಲ್ಲ. ನಮ್ಮ ಕೆಲ್ಸಕ್ಕೆ ಬೇಕಾದ್ದು ನೀರಿನ ಥರ ತೆಳ್ಳಗಿರೋ ಗ್ಲೂ, ಅದು ಸಂದು ಸಿಕ್ಕಿದ್ ಕಡೆ ತಾನೇ ಹೀರ್ಕೊಂಡು ಓಡತ್ತೆ, ಗಿಟಾರ್ ಫ್ರೆಟ್ (ಕತ್ತಿನ ಮೇಲೆ ಅಡ್ಡಕ್ಕಿರೋ ಲೋಹದ ಪಟ್ಟಿ) ತುದಿ ಎದ್ದಿದ್ರೆ ಆ ಓಟಾನೇ ನಮಗೆ ವರ. ಆದ್ರೆ ಒಂದು ಹನಿ ಜಾಸ್ತಿ ಬಿದ್ರೆ ಅದೇ ಓಟ ಪಾಲಿಷ್ ಮೇಲೆ ಹೋಗಿ ಕೂತ್ಕೊಳತ್ತೆ.

ಮೊದ್ಲು ತಗೊಂಡಿದ್ದು ಇನ್ಸುಲಿನ್ ಸಿರಿಂಜು, ಕೆಂಪು ಕ್ಯಾಪಿನ 40 ಯೂನಿಟ್‌ದು. ಎನ್.ಆರ್. ಸರ್ಕಲ್ ಹತ್ರ ಮೆಡಿಕಲ್ಲಲ್ಲಿ ಐದು ಸಿರಿಂಜ್ ಕೊಡಿ ಅಂದಾಗ ಆ ಹುಡುಗ ನನ್ನ ತೋಳು ನೋಡ್ದ, ಹಾರ್ಮೋನಿಯಂಗೆ ಅಂದ್ಮೇಲಂತೂ ಇನ್ನೂ ಒಂಥರಾ ನೋಡ್ದ. ಮೊದಲ್ನೇ ಹನಿ ಅದ್ಭುತ, ಸೂಜಿ ಮೊನೆ ಅಷ್ಟೇ ಬರತ್ತೆ. ಎರಡ್ನೇದೂ ಓಕೆ. ಆಮೇಲೆ ಫೋನ್ ಬಂತು, ಮಾತಾಡಿ ಬರೋಷ್ಟರಲ್ಲಿ ಸೂಜಿ ಕಟ್ಕೊಂಡಿತ್ತು. ಈ ಗ್ಲೂ ಒಣಗೋದು ಗಾಳಿಗಲ್ಲ, ತೇವಕ್ಕೆ, ಅಷ್ಟು ಸಣ್ಣ ತೂತಲ್ಲಿ ಸ್ವಲ್ಪ ತೇವ ಸಿಕ್ಕಿದ್ರೂ ಮುಗೀತು, ಅದೂ ಮಳೆಗಾಲದಲ್ಲಿ. ಜೋರಾಗಿ ಒತ್ತಕ್ಕೆ ಹೋಗ್ಬೇಡಿ, ನಾನು ಒತ್ತಿದೆ, ಪುಸಕ್ ಅಂತ ಒಟ್ಟಿಗೇ ಬಂದು ಹೆಬ್ಬೆರಳು ತೋರ್ಬೆರಳು ಒಂದಾದ್ವು. ಬಿಸಿನೀರು ಸೋಪಲ್ಲಿ ನೆನೆಸಿ ನಿಧಾನಕ್ಕೆ ಉರುಳ್ಸಿದ್ರೆ ಬಿಡತ್ತೆ, ಎಳೀಬಾರ್ದು. ಬಳಸಿದ ಸೂಜಿ ಬಿಸಾಕೋದು ಬೇರೆ ತಲೆನೋವು, ಕಸ ಎತ್ತೋ ಅಕ್ಕನ ಕೈಗೆ ಚುಚ್ಚಿದ್ರೆ ಏನ್ ಗತಿ. ನನ್ ಕಡೆಯಿಂದ ಸಿರಿಂಜಿಗೆ ಸೊನ್ನೆ.

ಆಮೇಲೆ ಆನ್‌ಲೈನಲ್ಲಿ ಮೊಂಡು ಮೂತಿಯ ಸ್ಟೀಲ್ ಸೂಜಿ ಸೆಟ್ಟು, ಬಣ್ಣ ಬಣ್ಣದ ತಲೆ ಇರತ್ತಲ್ಲ ಅದು, ಇನ್ನೂರೈವತ್ತು ಕೊಟ್ಟೆ. ಚುಚ್ಚಲ್ಲ ಅನ್ನೋದೊಂದೇ ಸಮಾಧಾನ, ಕಟ್ಕೊಳೋದು ಮಾತ್ರ ಹಂಗೇ. ಅಸಿಟೋನಲ್ಲಿ ರಾತ್ರಿಯಿಡೀ ನೆನೆಸಿ ಮತ್ತೆ ಬಳಸ್ಬೋದು, ಆದ್ರೆ ಐದ್ರೂಪಾಯಿ ಗ್ಲೂಗೆ ಇಷ್ಟೆಲ್ಲಾ ಸೇವೆ ಮಾಡೋ ತಾಳ್ಮೆ ನಂಗಿಲ್ಲ.

ಇಲ್ಲಿ ಒಂದು ಸಂಗತಿ ತಲೇಲಿಟ್ಕೊಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಹ್ಯಾರಿ ಕೂವರ್ ಅನ್ನೋ ಅಮೆರಿಕದ ವಿಜ್ಞಾನಿ ಬಂದೂಕಿನ ಗುರಿ ನೋಡೋ ಪ್ಲಾಸ್ಟಿಕ್ ಮಾಡಕ್ಕೋಗಿ ಈ ವಸ್ತು ಸಿಕ್ಕಿ, ಮುಟ್ಟಿದ್ದಕ್ಕೆಲ್ಲಾ ಅಂಟತ್ತೆ ಅಂತ ಬೇಜಾರಾಗಿ ಬಿಟ್ಬಿಟ್ಟಿದ್ರು, ಅಂಗಡಿಗೆ ಬಂದಿದ್ದು 1958ರಲ್ಲಿ. ಮುಟ್ಟಿದ್ದಕ್ಕೆಲ್ಲಾ ಅಂಟೋ ಇದು ಪಾಲಿಥೀನಿಗೆ ಮಾತ್ರ ಗಟ್ಟಿಯಾಗಿ ಅಂಟಲ್ಲ, ಟೆಫ್ಲಾನಿಗೂ ಅಂಟಲ್ಲ. ಗ್ಲೂ ಬಾಟ್ಲಿನೇ ಆ ಜಾತಿ ಪ್ಲಾಸ್ಟಿಕ್ಕಿಂದ ಮಾಡೋದು ಅದಕ್ಕೇ. ಅಂದ್ರೆ ಮೂತಿನೂ ಅದೇ ಜಾತಿದಾಗಿರ್ಬೇಕು. ಇದು ಮೊದ್ಲೇ ಹೊಳೆದಿದ್ರೆ ಇನ್ನೂರೈವತ್ತು ಉಳೀತಿತ್ತು.

ಹಂಗೆ ಹೊಳೆದ್ಮೇಲೆ ತಗೊಂಡಿದ್ದು ಲ್ಯಾಬಲ್ಲಿ ಬಳಸೋ ಪ್ಲಾಸ್ಟಿಕ್ ಪಿಪೆಟ್ಟು, ತಲೆ ಒತ್ತಿದ್ರೆ ಹನಿ ಬೀಳೋ ಕೊಳವೆ, 3 ಎಂಎಲ್‌ದು. ನೂರರ ಪ್ಯಾಕು, ಒಂದಕ್ಕೆ ಎರಡು ರೂಪಾಯಿ ಲೆಕ್ಕ ಬಿತ್ತು. ಅದರ ಮೂತಿನೂ ದಪ್ಪಾನೇ, ಆದ್ರೆ ಮಜಾ ಇರೋದು ಇಲ್ಲಿ. ಖಾಲಿ ಪಿಪೆಟ್ಟಿನ ಕೊಳವೆ ಭಾಗಾನ ಮೇಣದಬತ್ತಿ ಜ್ವಾಲೆಯಿಂದ ಒಂಚೂರು ಮೇಲೆ ತಿರುಗಿಸ್ತಾ ಹಿಡೀರಿ, ಬೆಳ್ಳಗಿರೋದು ಗಾಜಿನಂಗೆ ತಿಳಿಯಾಗತ್ತೆ, ಆಗ ಪಕ್ಕಕ್ಕೆ ತಂದು ಮೆಲ್ಲಗೆ ಎಳೀರಿ, ಶಾವಿಗೆ ಥರ ಉದ್ದ ಆಗತ್ತೆ, ಆರಿದ್ಮೇಲೆ ಬ್ಲೇಡಲ್ಲಿ ಓರೆಯಾಗಿ ಕತ್ತರಿಸಿ. ಒಳಗಡೆ ತೂತು ಹಂಗೇ ಇರತ್ತೆ, ಕೂದಲಷ್ಟು. ಒಣಗಿದ್ರೆ ತುದಿ ಒಂಚೂರು ಕತ್ತರಿಸಿದ್ರಾಯ್ತು, ಮತ್ತೆ ಹೊಸದು. ಗ್ಲೂ ತುಂಬಿದ್ದನ್ನ ಬೆಂಕಿ ಹತ್ರ ತರ್ಬೇಡಿ, ಇಷ್ಟು ಹೇಳ್ಲೇಬೇಕು. ಕಾಲೇಜ್ ಹುಡುಗನೊಬ್ಬನ ಗಿಟಾರಲ್ಲಿ ಬೇಸಿಗೆಗೆ ನಾಲ್ಕು ಫ್ರೆಟ್ ತುದಿ ಎದ್ದಿತ್ತು, ಸುತ್ತ ಮಾಸ್ಕಿಂಗ್ ಟೇಪ್ ಹಾಕಿ, ಫ್ರೆಟ್ ಒತ್ತಿ ಹಿಡಿದು, ಇದ್ರಲ್ಲಿ ತುದಿಗೆ ಮುಟ್ಸಿದ್ದಷ್ಟೇ, ಸರ್ ಅಂತ ಒಳಗೆ ಹೋಯ್ತು, ಒರೆಸೋ ಕೆಲ್ಸಾನೇ ಬರ್ಲಿಲ್ಲ.

ರೆಡಿಮೇಡ್ ಮೈಕ್ರೋ ಟಿಪ್ಪುಗಳು ಸಿಗ್ತವೆ, ಬಾಟ್ಲಿ ಮೂತಿಗೆ ಸಿಗಿಸೋದು. ನಾನು ತರಿಸಿದ ಐವತ್ತರಲ್ಲಿ ಏಳೆಂಟು ತೂತೇ ಇರ್ಲಿಲ್ಲ, ಉಳಿದಿದ್ದು ಪರ್ವಾಗಿಲ್ಲ. ಎಳೆದ ಪಿಪೆಟ್ ಇರೋನಿಗೆ ಇದು ಬೇಡ. ಹಲ್ಲಿನ ಡಾಕ್ಟ್ರು ಬಳಸೋ ಪುಟ್ಟ ಬ್ರಷ್ ಕಡ್ಡಿ ಪಾಲಿಷ್ ಎದ್ದ ಜಾಗಕ್ಕೆ ಸವರಕ್ಕೆ ಸರಿ, ಒಂದ್ಸಲ ಬಳಸಿ ಎಸೀಬೇಕು. ಕಿವಿಗೆ ಹಾಕೋ ಹತ್ತಿ ಕಡ್ಡಿ ಮಾತ್ರ ಮುಟ್ಲೇಬೇಡಿ, ಹತ್ತಿ ಮತ್ತೆ ಈ ಗ್ಲೂ ಸೇರಿದ್ರೆ ಬಿಸಿಯೇರಿ ಹೊಗೆ ಬರತ್ತೆ, ಚರ್ಮ ಸುಡತ್ತೆ. ಹತ್ತಿ ಬಟ್ಟೆಲಿ ಒರೆಸ್ಕೊಳೋರೂ ಹುಷಾರು.

ಈಗ ಸೂಜಿಗೆ ಬರ್ತೀನಿ. ಕಟ್ಟಿನಕೆರೆ ಮಾರ್ಕೆಟ್ ಕಡೆ ತಿರುಗ್ತಾ ಒಂದು ಪ್ಯಾಕೆಟ್ ಹೊಲಿಗೆ ಸೂಜಿ ತಂದೆ, ಇಪ್ಪತ್ತು ರೂಪಾಯಿ, ಸಣ್ಣದು ದೊಡ್ಡದು ಎಲ್ಲಾ ಸೇರಿದ್ದು. ಕಣ್ಣಿನ ಮೇಲ್ತುದಿನ ಕಲ್ಲಿಗೆ ಉಜ್ಜಿ ತೆಗೆದ್ರೆ ಕಣ್ಣು ಬಾಯಿ ಬಿಟ್ಕೊಂಡು ಎರಡು ಹಲ್ಲಿನ ಫೋರ್ಕ್ ಆಗತ್ತೆ. ಮೊನೆ ಕಡೆನ ಅಗರಬತ್ತಿ ಕಡ್ಡಿಗೆ ದಾರ ಸುತ್ತಿ ಕಟ್ಟಿ, ಅದೇ ಹಿಡಿ. ನಂದಿನಿ ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿದ ತುಂಡಿನ ಮೇಲೆ ಎರಡು ಹನಿ ಗ್ಲೂ ಬಿಟ್ಕೊಳಿ, ಅದೂ ಪಾಲಿಥೀನೇ ನೋಡಿ, ಸ್ವಲ್ಪ ಹೊತ್ತು ಹಸಿಯಾಗೇ ಇರತ್ತೆ, ಒಣಗಿದ್ರೆ ಮಡಚಿದಾಗ ಹಪ್ಪಳದಂಗೆ ಎದ್ಬರತ್ತೆ. ಸೂಜಿ ಅದ್ದಿದ್ರೆ ಆ ಎರಡು ಹಲ್ಲಿನ ಮಧ್ಯೆ ಒಂದೇ ಒಂದು ಹನಿ ನಿಲ್ಲತ್ತೆ, ಬೇಕಾದ್ ಜಾಗಕ್ಕೆ ಮುಟ್ಸಿದ್ರೆ ಇಳಿಯತ್ತೆ. ಹನಿ ಎಷ್ಟಿರ್ಬೇಕು ಅನ್ನೋದು ಸೂಜಿ ನಂಬರಲ್ಲೇ ತೀರ್ಮಾನ, ಕೈ ನಡುಗಿದ್ರೂ ಜಾಸ್ತಿ ಬೀಳಕ್ಕೆ ಅಲ್ಲಿ ಗ್ಲೂನೇ ಇಲ್ಲ! ಕಟ್ಕೊಂಡ್ರೆ ಬ್ಲೇಡಲ್ಲಿ ಕೆರೀರಿ, ಇಲ್ಲಾ ಹೊರಗಡೆ ಗಾಳೀಲಿ ಲೈಟರ್‌ಗೆ ಹಿಡೀರಿ, ಹೊಗೆ ಕುಡೀಬೇಡಿ. ಗಿಟಾರ್ ನಟ್ಟಲ್ಲಿ (ಕತ್ತಿನ ಮೇಲ್ತುದೀಲಿ ತಂತಿ ಹಾಯೋ ಪಟ್ಟಿ) ತಂತಿ ಕೂರೋ ಕೊರಕಲು ಆಳ ಆಗಿದ್ರೆ ಅಡುಗೆ ಸೋಡ ತುಂಬಿ ಮೇಲೆ ಗ್ಲೂ ಮುಟ್ಸೋದು ನಮ್ಮಲ್ಲಿ ಹಳೇ ಉಪಾಯ, ತಕ್ಷಣ ಕಲ್ಲಾಗತ್ತೆ, ಫೈಲ್ ಹಾಕ್ಬೋದು. ಅದಕ್ಕಂತೂ ಈ ಸೂಜಿ ಬಿಟ್ರೆ ಇನ್ನೊಂದಿಲ್ಲ.

ಪಿಟೀಲಿನ ಮೇಲ್ಹಲಗೆ ಬಿರುಕಿಗೆ, ಕತ್ತಿನ ಜಾಯಿಂಟಿಗೆ ಇದ್ಯಾವ್ದೂ ಬೇಡ ದಯವಿಟ್ಟು. ಅಲ್ಲಿ ಸರೇಸೇ (ಪ್ರಾಣಿ ಚರ್ಮದಿಂದ ಮಾಡೋ ಅಂಟು) ಆಗ್ಬೇಕು, ಮುಂದೆ ಯಾವನಾದ್ರೂ ಬಿಸಿ ತೇವ ಕೊಟ್ಟು ಬಿಚ್ಬೇಕಲ್ಲ. ಸೂಪರ್ ಗ್ಲೂ ಹಾಕಿರೋ ಪಿಟೀಲು ನನ್ ಹತ್ರ ಬಂದಾಗ ಹಾಕ್ದೋನಿಗೆ ಮನಸಲ್ಲೇ ನಾಕು ಬೈದಿರ್ತೀನಿ.

ಗ್ಲೂ ಉಳಿದ್ರೆ ಏರ್‌ಟೈಟ್ ಡಬ್ಬಿಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಶೂ ಡಬ್ಬಿಲಿ ಬರತ್ತಲ್ಲ ಅದು. ಫ್ರಿಜ್ಜಲ್ಲಿಟ್ರೆ ತೆಗೆದ ತಕ್ಷಣ ಮುಚ್ಚಳ ಬಿಚ್ಬೇಡಿ, ತಣ್ಣಗಿರೋ ಬಾಟ್ಲಿಗೆ ನೀರು ಬೆವರತ್ತೆ, ಆ ತೇವವೇ ಸಾಕು. ಗ್ಲೂ ಕೆಲ್ಸ ಮಾಡೋವಾಗ ಕಣ್ಣಿಗೆ ಕನ್ನಡಕ ಹಾಕ್ಕೊಳಿ.

ಒಟ್ಟು ಸುಮಾರು ಏಳ್ನೂರು ರೂಪಾಯಿ ಹೋಯ್ತು, ಅದ್ರಲ್ಲಿ ದಿನಾ ಕೈಗೆ ಬರೋದು ಇಪ್ಪತ್ರೂಪಾಯಿ ಸೂಜಿ ಪ್ಯಾಕೆಟ್ಟು ಮತ್ತೆ ಪಿಪೆಟ್ಟು. ಆ ಮೊಂಡು ಸೂಜಿ ಸೆಟ್ಟು ಮೂಲೆ ಸೇರಿತ್ತು, ಮೊನ್ನೆ ಗಿಟಾರ್ ಕೀಲಿಯ ಗೇರಿಗೆ ಎಣ್ಣೆ ಬಿಡಕ್ಕೆ ಸಿಗಿಸಿ ನೋಡ್ದೆ, ಅದಕ್ಕೆ ಮಾತ್ರ ಬೊಂಬಾಟ್.