ರಿವಾಲ್ವರ್ ಹಿಡಿಕೆಯ ಲೇಸರ್: ಒಂದು ವರ್ಷ ಬಳಸಿದ ಮೇಲೆ

ವಯಸ್ಸು ಐವತ್ತು ದಾಟಿದ ಮೇಲೆ ಕೈಗೆಟುಕುವ ದೂರದ ವಸ್ತುಗಳು ಮಸುಕಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆತ್ಮರಕ್ಷಣೆಗೆಂದು ರಿವಾಲ್ವರ್ ಇಟ್ಟುಕೊಂಡವರಿಗೆ ಇದು ಬೇರೆಯೇ ಬಗೆಯ ತೊಡಕು, ಏಕೆಂದರೆ ನಳಿಗೆಯ ತುದಿಯಲ್ಲಿ ಗುರಿ ನೋಡಲೆಂದಿರುವ ಮೊನೆ, ಅಂದರೆ ಫ್ರಂಟ್ ಸೈಟ್, ಇರುವುದು ಸರಿಯಾಗಿ ಅದೇ ದೂರದಲ್ಲಿ. ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾನು ಕಳೆದ ವರ್ಷ ನನ್ನ ಸ್ಮಿತ್ ಅಂಡ್ ವೆಸನ್ 642 ರಿವಾಲ್ವರ್‌ಗೆ, ಗುರಿಯ ಮೇಲೆ ಕೆಂಪು ಚುಕ್ಕೆ ಮೂಡಿಸುವ ಲೇಸರ್ ಇರುವ ಹಿಡಿಕೆಯನ್ನು ಜೋಡಿಸಿದ್ದು ಈ ಕಾರಣಕ್ಕೆ. .38 ಸ್ಪೆಷಲ್ ತೋಟಾ ಬಳಸುವ, ಐದು ಗುಂಡುಗಳ ಈ ರಿವಾಲ್ವರ್‌ನ ನಳಿಗೆ ಎರಡು ಇಂಚಿಗೂ ಕಡಿಮೆ. ಹಿಂದಿನ ಸೈಟ್ ಎಂದರೆ ಚೌಕಟ್ಟಿನ ಮೇಲೆ ಕೊರೆದ ಒಂದು ಸಣ್ಣ ಕಾಲುವೆ, ಅಷ್ಟೆ.

ಹಳೆಯ ಹಿಡಿಕೆಯನ್ನು ಬಿಚ್ಚಿ ಹೊಸದನ್ನು ಕೂರಿಸಲು ಹತ್ತು ನಿಮಿಷ ಸಾಕಾಯಿತು. ಮುಂಭಾಗದಲ್ಲಿ ನಡುಬೆರಳು ಒತ್ತುವ ಜಾಗದಲ್ಲಿಯೇ ಗುಂಡಿಯಿದೆ. ಆದ್ದರಿಂದ ಬಿಗಿಯಾಗಿ ಹಿಡಿದರೆ ಬೆಳಕು ತಾನಾಗಿ ಹೊತ್ತಿಕೊಳ್ಳುತ್ತದೆ, ಬೇರೆ ಸ್ವಿಚ್ಚನ್ನು ತಡಕಾಡಬೇಕಿಲ್ಲ. ಗಾಬರಿಯ ಗಳಿಗೆಯಲ್ಲಿ ಬೆರಳು ಸಣ್ಣ ಕೆಲಸಗಳನ್ನು ಮರೆಯುತ್ತದೆ ಎಂಬುದನ್ನು ಯೋಚಿಸಿದರೆ, ಇಂಥ ಸಾಧನಗಳಲ್ಲಿ ನಾನು ಒಪ್ಪುವುದು ಈ ವ್ಯವಸ್ಥೆಯನ್ನು ಮಾತ್ರ.

ಕಿರಣವನ್ನು ಗುಂಡಿನ ದಾರಿಗೆ ಹೊಂದಿಸುವ ಕೆಲಸವನ್ನು ಮಾತ್ರ ಯಾರೂ ಅವಸರದಲ್ಲಿ ಮುಗಿಸಬಾರದು. ಲೇಸರ್ ಹೊರಡುವುದು ನಳಿಗೆಯ ಬಲಕ್ಕೆ, ತುಸು ಕೆಳಗಿನಿಂದ. ಹಾಗಾಗಿ ಎರಡೂ ರೇಖೆಗಳನ್ನು ಏಳು ಗಜದಲ್ಲಿ, ಅಂದರೆ ಸುಮಾರು 6.4 ಮೀಟರಿನಲ್ಲಿ ಕೂಡಿಸಿದರೆ, ಹದಿನಾಲ್ಕು ಗಜದ ಹೊತ್ತಿಗೆ ಚುಕ್ಕೆಯು, ಹೊರಡುವಾಗ ಬಲಕ್ಕೆ ಇದ್ದ ಹೆಚ್ಚುಕಡಿಮೆ ಅಷ್ಟೇ ಅಂತರದಲ್ಲಿ ಎಡಕ್ಕೆ ದಾಟಿರುತ್ತದೆ. ಮನೆಯೊಳಗಿನ ದೂರಗಳಿಗೆ ಈ ವ್ಯತ್ಯಾಸ ಒಂದಿಂಚಿನ ಆಸುಪಾಸು ಇರುವುದರಿಂದ ನಾನು ಏಳು ಗಜವನ್ನೇ ಆರಿಸಿಕೊಂಡೆ.

ಬಿಸಿಲಿನಲ್ಲಿ ಈ ಕೆಂಪು ಚುಕ್ಕೆಯನ್ನು ನಂಬುವಂತಿಲ್ಲ. ಸಂಜೆಯಲ್ಲಿ, ಮನೆಯೊಳಗೆ ಕೆಂಡದಂತೆ ಕಾಣುವ ಅದೇ ಚುಕ್ಕೆ ಇಲ್ಲಿನ ನಡುಹಗಲ ಬೆಳಕಿನಲ್ಲಿ ಕೆಲವೇ ಹೆಜ್ಜೆಗಳಾಚೆ ಕರಗಿಹೋಗುತ್ತದೆ. ಹಸಿರು ಲೇಸರ್ ಈ ವಿಷಯದಲ್ಲಿ ಮೇಲು, ಏಕೆಂದರೆ ಹಗಲಿನಲ್ಲಿ ಮನುಷ್ಯನ ಕಣ್ಣು ಅತಿ ಹೆಚ್ಚು ಸ್ಪಂದಿಸುವುದು 555 ನ್ಯಾನೋಮೀಟರ್ ಆಸುಪಾಸಿನ ಹಸಿರಿಗೆ. ಆದರೆ ಅದು ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ. ಇನ್ನೊಂದು ಕೊರತೆ ನನಗೆ ವಾರಗಳ ನಂತರವಷ್ಟೇ ತಿಳಿಯಿತು: ಟ್ರಿಗರ್ ಮುಟ್ಟದೆ ತೋರುಬೆರಳನ್ನು ಚೌಕಟ್ಟಿನ ಉದ್ದಕ್ಕೆ ಚಾಚಿ ಇಟ್ಟುಕೊಂಡರೆ, ಬಲಗೈಯವರ ಬೆರಳು ಕಿರಣಕ್ಕೆ ಅಡ್ಡವಾಗುತ್ತದೆ. ಸುರಕ್ಷತೆಗಾಗಿ ಬೆರಳು ಇರಬೇಕಾದ ಜಾಗ ಅದೇ. ಚುಕ್ಕೆ ಕಾಣಲೆಂದು ಬೆರಳನ್ನು ಟ್ರಿಗರ್ ಕಡೆಗೆ ಒಯ್ಯುವ ಅಭ್ಯಾಸ ಯಾರಿಗೂ ಬರಕೂಡದು.

ಮೊದಲ ಮೂರು ತಿಂಗಳು ಶೂಟಿಂಗ್ ರೇಂಜಿನಲ್ಲಿ ನಾನು ಮೊದಲಿಗಿಂತ ನಿಧಾನವಾದೆ. ರಿವಾಲ್ವರ್ ಎತ್ತಿದೊಡನೆ ಕಣ್ಣು ಚುಕ್ಕೆಯನ್ನು ಹುಡುಕಲು ಹೊರಡುತ್ತಿತ್ತು. ಸಿಕ್ಕ ಮೇಲೆ ಅದರ ನಡುಕವನ್ನು ನಿಲ್ಲಿಸಲು ಹೋಗಿ ಟ್ರಿಗರನ್ನು ಜಗ್ಗಿಬಿಡುತ್ತಿದ್ದೆ. "ಸೈಟನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ಚುಕ್ಕೆ ಅಲ್ಲಿಯೇ ಇರುತ್ತದೆ" ಎಂದು ತರಬೇತಿ ಕೊಡುವವರು ಹೇಳಿದ ಮೇಲೆ ಕೈ ಒಂದು ಹದಕ್ಕೆ ಬಂತು. ಸೈಟಿನ ಅಭ್ಯಾಸ ಇಲ್ಲದವರಿಗೆ ಲೇಸರ್ ನೆರವಾಗುವುದಿಲ್ಲ ಎಂದು ನಾನು ಖಚಿತವಾಗಿ ಹೇಳುವುದು ಈ ಅನುಭವದಿಂದ.

ಹಾಗಾದರೆ ಕೊಂಡದ್ದು ವ್ಯರ್ಥವೇ? ಖಂಡಿತ ಅಲ್ಲ. ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ರಿವಾಲ್ವರ್ ಬರಿದಾಗಿರುವುದನ್ನು ಎರಡು ಬಾರಿ ನೋಡಿ, ಗುಂಡನ್ನು ತಡೆಯಬಲ್ಲ ಗೋಡೆಯ ಎದುರು ನಿಂತು ಮಾಡುವ ಅಭ್ಯಾಸದಲ್ಲಿ ಇದು ಅಪೂರ್ವ ಗುರು. 642ರ ಟ್ರಿಗರ್ ಎಳೆತ ಉದ್ದ, ಭಾರ. ಎಳೆತದ ಕೊನೆಯಲ್ಲಿ ನನ್ನ ಚುಕ್ಕೆ ಪ್ರತಿಬಾರಿಯೂ ಎಡಕ್ಕೆ, ಕೆಳಕ್ಕೆ ಜಿಗಿಯುತ್ತಿತ್ತು. ವರ್ಷಗಳಿಂದ ಗುರಿಹಾಳೆಯಲ್ಲಿ ನೋಡಿಯೂ ಅರ್ಥವಾಗದಿದ್ದ ತಪ್ಪು ಗೋಡೆಯ ಮೇಲೆ ಕಣ್ಣೆದುರೇ ಬರೆದಂತೆ ಕಂಡಿತು. ದಿನಕ್ಕೆ ಹತ್ತು ನಿಮಿಷದಂತೆ ಎರಡು ತಿಂಗಳು ಅಭ್ಯಾಸ ಮಾಡಿದ ಮೇಲೆ ಆ ಜಿಗಿತ ಬಹುಮಟ್ಟಿಗೆ ನಿಂತಿದೆ.

ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವ, ತೆಂಗಿನಕಾಯಿಗೆ ಗುಂಡು ಹೊಡೆಯುವ ಮನೆಗಳಲ್ಲಿ ಮಕ್ಕಳು ಮೊದಲು ಕಲಿಯುವ ಪಾಠ, ಬರಿ ಕೋವಿಯನ್ನೂ ಮನುಷ್ಯರತ್ತ ತಿರುಗಿಸಬಾರದು ಎಂಬುದು. ಆ ಪಾಠವನ್ನು ನಾನು ಪೂರ್ತಿ ಪಾಲಿಸುತ್ತಿದ್ದೇನೆಂದೇ ನಂಬಿದ್ದೆ. ಅಭ್ಯಾಸ ಮುಗಿಸಿ ತಿರುಗುವಾಗ ಕೆಂಪು ಚುಕ್ಕೆ ಮಗಳ ಕೋಣೆಯ ಬಾಗಿಲ ಮೇಲೆ ಹಾದುಹೋದದ್ದನ್ನು ಕಂಡ ದಿನ ನನ್ನ ಕೈ ನಡುಗಿತು. ಲೇಸರ್ ಇಲ್ಲದಿದ್ದರೆ ಆ ತಪ್ಪು ನನಗೆ ಎಂದೂ ತಿಳಿಯುತ್ತಿರಲಿಲ್ಲ.

ಎದೆಯ ಮೇಲೆ ಕೆಂಪು ಚುಕ್ಕೆ ಕಂಡೊಡನೆ ಕಳ್ಳ ಓಡಿಹೋಗುತ್ತಾನೆ ಎಂಬ ಮಾರಾಟದ ಮಾತನ್ನು ಮಾತ್ರ ದಯವಿಟ್ಟು ನಂಬಬೇಡಿ. ಟೆಕ್ಸಾಸ್ ದಂಡಸಂಹಿತೆಯ 22.05ನೇ ವಿಧಿಯ ಪ್ರಕಾರ, ತಿಳಿದೂ ಒಬ್ಬರತ್ತ ಬಂದೂಕು ಹಿಡಿದರೆ, ಅದರಲ್ಲಿ ಗುಂಡಿದೆಯೆಂದು ಹಿಡಿದವರು ನಂಬಿದ್ದರೂ ಇಲ್ಲದಿದ್ದರೂ, ಅಪಾಯವನ್ನೂ ವಿವೇಚನಾಹೀನತೆಯನ್ನೂ ಕಾನೂನು ಊಹಿಸಿಕೊಳ್ಳುತ್ತದೆ. ಪ್ರಾಣಕ್ಕೆ ಅಪಾಯವೊದಗಿ, ಕಾನೂನು ಅನುಮತಿಸುವ ಸನ್ನಿವೇಶದ ಹೊರಗೆ ಹೆದರಿಸಲೆಂದು ಚುಕ್ಕೆ ಹಾಯಿಸುವುದು ಇದೇ ವಿಧಿಯ ಬಾಯಿಗೆ ಬೀಳುವ ಕೆಲಸ. ಮೇಲಾಗಿ ಕತ್ತಲಲ್ಲಿ ನಿಂತವರು ಕಳ್ಳರೋ ಕಾಲೇಜಿನಿಂದ ತಡವಾಗಿ ಬಂದ ಮಗನೋ ಎಂಬುದನ್ನು ಲೇಸರ್ ತೋರಿಸಲಾರದು. ಅದನ್ನು ತೋರಿಸುವುದು ಟಾರ್ಚು. ಒಂದಕ್ಕೆ ಮಾತ್ರ ಹಣವಿದ್ದರೆ ಒಳ್ಳೆಯ ಟಾರ್ಚನ್ನೇ ಕೊಳ್ಳಿ.

ಕಣ್ಣು ಮಂಜಾಗುತ್ತಿರುವವರಿಗೆ, ನಿತ್ಯ ಅಭ್ಯಾಸಕ್ಕೆ ಸಮಯ ಕೊಡುವವರಿಗೆ ಹಿಡಿಕೆಯ ಲೇಸರನ್ನು ನಾನು ಮನಃಪೂರ್ವಕ ಶಿಫಾರಸು ಮಾಡುತ್ತೇನೆ. ಹೊಸದಾಗಿ ರಿವಾಲ್ವರ್ ಕೊಂಡವರು ಅದೇ ಹಣದಲ್ಲಿ ತರಬೇತಿ ಪಡೆಯಲಿ. ನನ್ನದರಲ್ಲಿರುವ ಎರಡು 2032 ಬ್ಯಾಟರಿಗಳನ್ನು ಪ್ರತಿವರ್ಷ ಕೈಲ್‌ಪೊಳ್ದ್ ದಿನ ಬದಲಾಯಿಸಿ, ಅದೇ ವಾರ ರೇಂಜಿಗೆ ಹೋಗಿ ಐದು ಗುಂಡು ಹಾರಿಸಿ ಚುಕ್ಕೆ ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದೆಂದು ನಿರ್ಧರಿಸಿದ್ದೇನೆ.