ಮೆಲುದನಿ ಎಲ್ಲಿ ಉಳಿಯುತ್ತದೆ: ನಾನು ರಾಕ್ ಕೇಳಿದ ನಾಲ್ಕು ಜಾಗಗಳು

ದಾವಣಗೆರೆಯಿಂದ ಬೆಂಗಳೂರಿಗೆ ಓದಲು ಬಂದದ್ದು 2004ರಲ್ಲಿ. ಆಮೇಲಿನ ಹತ್ತು ವರ್ಷ ಎಲ್ಲಿ ಬ್ಯಾಂಡ್ ನುಡಿಸಿದರೂ ನಾನು, ನನ್ನ ರೂಮ್‌ಮೇಟ್ ಅಲ್ಲಿರುತ್ತಿದ್ದೆವು. ಅರಮನೆ ಮೈದಾನ, ಕಾಲೇಜು ಫೆಸ್ಟ್, ಇಂದಿರಾನಗರದ ಪಬ್‌ಗಳು, ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರ. ಯಾವುದು ಚೆನ್ನ ಅಂತ ನಮ್ಮಿಬ್ಬರಿಗೆ ಈಗಲೂ ವಾದ ಇದೆ. ಅವಳದು ಅರಮನೆ ಮೈದಾನದ ಪಕ್ಷ. ನಾನು ಒಪ್ಪಲ್ಲ, ಯಾಕೆ ಅಂತ ಹೇಳುತ್ತೇನೆ.

ಆಲ್ಟರ್ನೇಟಿವ್ ರಾಕ್‌ನಲ್ಲಿ ನನಗೆ ಇಷ್ಟವಾಗುವುದು ಒಂದೇ ಹಾಡಿನಲ್ಲಿ ಇರುವ ಎರಡು ದನಿ. ಒಂದು ಗಿಟಾರ್ ಮೆಲ್ಲಗೆ ನಡೆಯುತ್ತಿರುತ್ತದೆ, ಹಾಡುವವನು ಹೆಚ್ಚುಕಡಿಮೆ ಮಾತಾಡುವ ಹಾಗೆ ಹಾಡುತ್ತಿರುತ್ತಾನೆ, ಇನ್ನೇನು ಮುಗಿಯಿತು ಅನ್ನುವಾಗ ಡ್ರಮ್ಮು, ಬಾಸ್ ಗಿಟಾರು, ಡಿಸ್ಟಾರ್ಷನ್ ಅನ್ನುವ ಗಿಟಾರಿನ ಒರಟು ದನಿ ಎಲ್ಲ ಒಟ್ಟಿಗೆ ನಮ್ಮ ಮೇಲೆ ಬೀಳುತ್ತದೆ. ಮೆಲ್ಲಗಿನ ಭಾಗ ಸರಿಯಾಗಿ ಕಿವಿಗೆ ಬೀಳದಿದ್ದರೆ ಜೋರಿನ ಭಾಗ ಸುಮ್ನೆ ಗಲಾಟೆ. ಅದಕ್ಕೇ ನಾನು ಜಾಗ ನೋಡುವುದು ಇದೊಂದರಿಂದ: ಅಲ್ಲಿ ಮೆಲುದನಿ ಉಳಿಯುತ್ತದಾ?

ಅರಮನೆ ಮೈದಾನದಲ್ಲಿ ಉಳಿಯಲ್ಲ. 2007ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬ್ಯಾಂಡು ಐರನ್ ಮೇಡನ್ ಬಂದಾಗ ಇದು ನನಗೆ ಗೊತ್ತಾಗಲಿಲ್ಲ, ಯಾಕಂದರೆ ಹೆವಿ ಮೆಟಲ್‌ಗೆ ಅಂಥ ಜಾಗವೇ ಸರಿ. ಸಾವಿರಾರು ಜನ ಒಟ್ಟಿಗೆ ಹಾಡುವಾಗ ಮೈ ಜುಮ್ಮೆನ್ನುತ್ತದೆ, ಅದನ್ನು ಇಲ್ಲ ಅನ್ನಲಾರೆ. ಗೊತ್ತಾದದ್ದು 2011ರ ಅಕ್ಟೋಬರ್ 30ರಂದು, ಅಮೆರಿಕದ ಮೆಟಲ್ ಬ್ಯಾಂಡು ಮೆಟಾಲಿಕಾ ಬಂದ ದಿನ. ಎರಡು ದಿನ ಮುಂಚೆ ದೆಹಲಿ ಪಕ್ಕದ ಗುರುಗಾಂವ್‌ನಲ್ಲಿ ಆಗಬೇಕಿದ್ದ ಅವರ ಶೋ ರದ್ದಾಗಿತ್ತು, ಅಲ್ಲಿಯ ಟಿಕೆಟ್ ಹಿಡಿದಿದ್ದ ಕೆಲವರೂ ಇಲ್ಲಿಗೆ ಓಡಿ ಬಂದಿದ್ದರು. ನನಗೆ ಮಾತ್ರ ಅವತ್ತು ಮೆಟಾಲಿಕಾಗಿಂತ ಮುಂಚೆ ನುಡಿಸಲಿದ್ದ ಬಿಫಿ ಕ್ಲೈರೋ ಮುಖ್ಯ. ಸ್ಕಾಟ್ಲೆಂಡಿನ ಮೂವರ ಬ್ಯಾಂಡು, ಹಾಡಿನ ನಡುವೆ ತಟ್ಟನೆ ನಿಲ್ಲಿಸಿ ಮತ್ತೆ ಸಿಡಿಯುವವರು, ಹೆಡ್‌ಫೋನ್‌ನಲ್ಲಿ ಎಷ್ಟು ಸಲ ಕೇಳಿದ್ದೆನೋ. ಮೈದಾನದಲ್ಲಿ ಆ ನಿಲ್ಲಿಸುವ ಜಾಗಗಳೆಲ್ಲ ಜನರ ಮಾತಿನಲ್ಲಿ ಮುಳುಗಿದವು. ನನ್ನ ಸುತ್ತ ಇದ್ದವರು ಕಾಯುತ್ತಿದ್ದದ್ದು ಮೆಟಾಲಿಕಾಗೆ, ಅವರದೂ ತಪ್ಪಲ್ಲ. ಗಾಳಿ ತಿರುಗಿದಾಗಲೆಲ್ಲ ಗಿಟಾರಿನ ದನಿ ಆಚೆ ಹೋಗಿ ಬರುತ್ತಿತ್ತು. ಇನ್ನೊಂದು ಮಾತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಹಾಗಾಗಿ 100 ಮೀಟರ್ ಹಿಂದೆ ನಿಂತರೆ ವೇದಿಕೆಯಿಂದ ಬರುವ ಏಟು ಹೆಚ್ಚುಕಡಿಮೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿ ಕೇಳುತ್ತದೆ. ಡ್ರಮ್ಮರ್ ಕೋಲು ಎತ್ತಿಯಾಗಿರುತ್ತದೆ, ಆಮೇಲೆ ಸದ್ದು ಬರುತ್ತದೆ. ನೋಡುವುದೂ ಕೇಳುವುದೂ ಬೇರೆ ಬೇರೆ ಆಗಿಬಿಡುತ್ತದೆ.

ದೊಡ್ಡ ಮೈದಾನಕ್ಕೆ ಹೋಗಲೇಬೇಕಾದರೆ ಮುಂದೆ ನುಗ್ಗಬೇಡಿ. ಸೌಂಡ್ ಇಂಜಿನಿಯರ್ ಎಲ್ಲ ವಾದ್ಯಗಳ ದನಿ ಬೆರೆಸುವ ತನ್ನ ಮಿಕ್ಸರ್ ಇಟ್ಟುಕೊಂಡು ನಿಂತಿರುವ ಕಟ್ಟೆ ನಡುವೆ ಎಲ್ಲೋ ಇರುತ್ತದೆ, ಅದರ ಹಿಂದೆ ನಿಲ್ಲಿ. ಅವನು ತನ್ನ ಕಿವಿಗೆ ಸರಿ ಅನ್ನಿಸುವ ಹಾಗೆ ಹದ ಮಾಡುತ್ತಾನೆ, ನಿಮಗೂ ಅದೇ ಸಿಗುತ್ತದೆ. ಹುಡುಗಿಯರಿಗೆ ಇನ್ನೊಂದು ಲಾಭ, ಅಲ್ಲಿ ತಳ್ಳಾಟ ಕಡಿಮೆ.

ಕಾಲೇಜು ಫೆಸ್ಟ್‌ಗಳದು ಬೇರೆ ಕಥೆ. ನ್ಯಾಷನಲ್ ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್ ಥರದ ದೊಡ್ಡ ಸ್ಪರ್ಧೆಗಳನ್ನು ಬಿಟ್ಟರೆ ಉಳಿದ ಕಡೆ ಸೌಂಡ್ ಚೆಕ್‌ಗೆ, ಅಂದರೆ ನುಡಿಸುವ ಮುಂಚೆ ದನಿ ಸರಿ ಮಾಡಿಕೊಳ್ಳಲು, ಹೊತ್ತೇ ಇರುತ್ತಿರಲಿಲ್ಲ. ಒಂದೊಂದು ಬ್ಯಾಂಡಿಗೆ ಸಿಗುವುದೇ ಇಪ್ಪತ್ತು ನಿಮಿಷ, ಅದರಲ್ಲಿ ಐದು ನಿಮಿಷ ಕೇಬಲ್ ಹುಡುಕುವುದು, ಮೈಕ್ ಕೀರಲು. ಅಂಕದಲ್ಲಿ ಇದೇ ಕೊನೆ. ಆದರೆ ನನಗೆ ಮರೆಯಲಾಗದ ಗಳಿಗೆ ಸಿಕ್ಕಿದ್ದೂ ಇಲ್ಲೇ. ಮೈಸೂರು ರಸ್ತೆ ಕಡೆಯ ಒಂದು ಕಾಲೇಜು, ಹೆಸರು ಬೇಡ. ಹಾಡಿನ ಮಧ್ಯೆ ಜನರೇಟರ್ ನಿಂತುಹೋಯಿತು. ದೀಪ ಹೋಯಿತು, ಗಿಟಾರ್, ಬಾಸ್ ಎರಡೂ ಸತ್ತವು. ಡ್ರಮ್ಮರ್ ಮಾತ್ರ ನಿಲ್ಲಿಸಲಿಲ್ಲ. ಕತ್ತಲಲ್ಲಿ ಅವನೊಬ್ಬನೇ ಬಾರಿಸುತ್ತಾ ಹೋದ, ಹಾಡುವ ಹುಡುಗಿ ವೇದಿಕೆ ಅಂಚಿಗೆ ಬಂದು ಮೈಕ್ ಇಲ್ಲದೆ ಹಾಡಿದಳು, ಅಲ್ಲಿಯವರೆಗೆ ಶಿಳ್ಳೆ ಹೊಡೆಯುತ್ತಿದ್ದ ಹುಡುಗರು ಅವಳ ದನಿ ಕೇಳಿಸಲಿ ಅಂತ ತಾವಾಗಿಯೇ ಸುಮ್ಮನಾದರು. ಕರೆಂಟ್ ಬಂದ ಮೇಲೆ ಹಾಡು ಅಷ್ಟು ಚೆನ್ನಾಗಿರಲಿಲ್ಲ.

ಪಬ್‌ಗಳ ವಿಷಯಕ್ಕೆ ಬರೋಣ. 2008ರ ಸುಮಾರಿಗೆ ಪಬ್‌ಗಳಲ್ಲಿ ಸಂಗೀತ ನಡೆಸುವ ಲೈಸೆನ್ಸ್ ನಿಯಮ ಬಿಗಿಯಾಗಿ ಎಷ್ಟೋ ಕಡೆ ಗಿಟಾರ್ ನಿಂತೇ ಹೋಗಿತ್ತು. ಆಗ ಕನ್ನಡ ಪೇಪರುಗಳಲ್ಲಿ ‘ಲೈವ್ ಬ್ಯಾಂಡ್’ ಅಂದರೆ ಕುಣಿತದ ಬಾರ್ ಅಂತಲೇ ಅರ್ಥ. ಅಮ್ಮ ಗಾಬರಿಯಾಗಿ ಫೋನ್ ಮಾಡಿದ್ದರು, “ಲೈವ್ ಬ್ಯಾಂಡ್ ಮೇಲೆ ದಾಳಿ ಅಂತ ಬಂದೈತಿ, ನೀನು ಅಲ್ಲಿಗೆಲ್ಲ ಹೋಗ್ತೀಯೇನೇ?” ಅಂತ. ನಾಲ್ಕು ಜನ ಗಿಟಾರ್ ಹಿಡಿದು ತಾವೇ ಬರೆದ ಹಾಡು ಹಾಡುತ್ತಾರೆ ಅಷ್ಟೇ ಅಮ್ಮಾ ಅಂತ ಬಿಡಿಸಿ ಹೇಳೋಕೆ ಅರ್ಧ ಗಂಟೆ ಹಿಡಿಯಿತು. ಆ ಒಂದು ಪದದ ಗೊಂದಲದಿಂದ ನಿಜವಾದ ಬ್ಯಾಂಡುಗಳಿಗೆ ಬಹಳ ಪೆಟ್ಟು ಬಿತ್ತು ಅನ್ನುವುದು ನನ್ನ ನಂಬಿಕೆ. ಆಮೇಲೆ ಇಂದಿರಾನಗರದಲ್ಲಿ ಸಂಗೀತಕ್ಕೆಂದೇ ಜಾಗಗಳು ಬಂದವು, 100 ಅಡಿ ರಸ್ತೆಯ ಬಿ ಫ್ಲಾಟ್, 2013ರಲ್ಲಿ 12ನೇ ಮೇನ್‌ನ ಹಮ್ಮಿಂಗ್ ಟ್ರೀ. 1996ರಲ್ಲಿ ಶುರುವಾದ ಬೆಂಗಳೂರಿನದೇ ಬ್ಯಾಂಡು ಥರ್ಮಲ್ ಅಂಡ್ ಎ ಕ್ವಾರ್ಟರ್‌ನ ಗಿಟಾರಿಸ್ಟ್ ಬ್ರೂಸ್ ಲೀ ಮಣಿ ಅವರ ಬೆರಳುಗಳು ತಂತಿ ಮೇಲೆ ಓಡುವುದನ್ನು ಹತ್ತು ಅಡಿ ದೂರದಿಂದ ನೋಡಿದ್ದು ಇಂಥ ಜಾಗದಲ್ಲೇ. ಸ್ಪಷ್ಟತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ತೊಂದರೆ ಪಕ್ಕದ ಟೇಬಲ್ಲಿನದು. ಮೆಲ್ಲಗಿನ ಭಾಗ ಬಂದ ಕೂಡಲೇ ಯಾರೋ ಆಫೀಸಿನ ಅಪ್ರೈಸಲ್ ಕಥೆ ಶುರು ಮಾಡುತ್ತಾರೆ. ಟಿಕೆಟ್ಟು, ಊಟ, ಆಟೋ ಎಲ್ಲ ಸೇರಿ ವಿದ್ಯಾರ್ಥಿಗೆ ಕೈಗೆಟುಕುವ ಜಾಗವೂ ಅಲ್ಲ.

ಈಗ ಸಂಸ. ರವೀಂದ್ರ ಕಲಾಕ್ಷೇತ್ರದ ಹಿಂಬದಿ, ನಾಟಕ ನೋಡುವವರಿಗೆಲ್ಲ ಗೊತ್ತು. ಅರ್ಧಚಂದ್ರದ ಹಾಗೆ ಮೆಟ್ಟಿಲು, ಕೆಳಗೆ ವೇದಿಕೆ, ಮೇಲೆ ಆಕಾಶ. ಅಲ್ಲಿ ಬ್ಯಾಂಡುಗಳೆಲ್ಲ ಸೇರಿ ನುಡಿಸುವ ಸಂಡೇ ಜ್ಯಾಮ್ ನಡೆಯುತ್ತಿತ್ತು, ಆಗಸ್ಟ್ 15ರ ಹೊತ್ತಿಗೆ ಫ್ರೀಡಂ ಜ್ಯಾಮ್. ಹಣ ಕೊಡಬೇಕಿರಲಿಲ್ಲ, ಹೆಸರು ಕೇಳಿರದ ಬ್ಯಾಂಡುಗಳು ಒಂದರ ಹಿಂದೆ ಒಂದು. ಎಲ್ಲ ಚೆನ್ನಾಗಿರುತ್ತಿರಲಿಲ್ಲ, ನಿಜ. ಆದರೆ ಕೂತು ಕೇಳುವ ಜಾಗ ಅದು. ಮೆಟ್ಟಿಲ ಮೇಲೆ ಕೂತರೆ ಯಾರ ತಲೆಯೂ ಅಡ್ಡ ಬರಲ್ಲ, ದನಿ ನೇರವಾಗಿ ಮೇಲೇರಿ ಬರುತ್ತದೆ, ಗಿಟಾರಿನ ಒಂದು ತಂತಿ ಮುಟ್ಟಿದರೂ ಕೊನೆಯ ಸಾಲಿನವರೆಗೆ ಬರುತ್ತದೆ. ಹಿಂದಿನ ದಿನ ಅಲ್ಲೇ ನಾಟಕ ನೋಡಿದವರು, ಜೆ.ಸಿ. ರಸ್ತೆಯಲ್ಲಿ ಬಸ್ ಇಳಿದು ಸುಮ್ನೆ ಒಳಗೆ ಬಂದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ, ಎಲ್ಲರೂ ಇರುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಒಂದು ಹುಡುಗರ ಬ್ಯಾಂಡು ತಮ್ಮದೇ ಹಾಡು ಶುರು ಮಾಡಿತು, ಎರಡು ನಿಮಿಷ ಬರೀ ಒಂದು ಗಿಟಾರ್, ಆಚೆ ರಸ್ತೆಯ ಹಾರ್ನ್ ಕೇಳುವಷ್ಟು ಮೆಲ್ಲಗೆ, ಆಮೇಲೆ ಡ್ರಮ್ಮು ಬಿದ್ದಾಗ ನನ್ನ ಪಕ್ಕದ ಮೆಟ್ಟಿಲಲ್ಲಿದ್ದ ಹಿರಿಯರೊಬ್ಬರು ಎದ್ದೇ ನಿಂತುಬಿಟ್ಟರು. ಆ ಬ್ಯಾಂಡಿನ ಹೆಸರು ಈಗ ನೆನಪಿಲ್ಲ. ಹಾಡಿನ ಮೊದಲ ನಾಲ್ಕು ಸ್ವರ ನೆನಪಿದೆ.

ಕುಂದು ಎರಡು. ಆಗಸ್ಟ್ ಮಳೆಗೆ ಅಲ್ಲಿ ತಲೆ ಮೇಲೆ ಸೂರಿಲ್ಲ, ಮೆಟ್ಟಿಲು ಒದ್ದೆಯಾದರೆ ಸಂಜೆ ಮುಗಿದಂತೆ. ಬ್ಯಾಂಡ್ ಬದಲಾಗುವಾಗಿನ ಕಾಯುವಿಕೆಯೂ ಜಾಸ್ತಿ. ಆದರೂ ನನ್ನ ಲೆಕ್ಕದಲ್ಲಿ ಸಂಸ ಮೊದಲು, ಪಬ್ ಎರಡನೆಯದು, ಅರಮನೆ ಮೈದಾನ ಆಮೇಲೆ.

ಎಲ್ಲಿಗೆ ಹೋದರೂ ಇಯರ್‌ಪ್ಲಗ್ ಹಾಕಿಕೊಳ್ಳಿ. 85 ಡೆಸಿಬೆಲ್ ಜೋರಿನ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಅನ್ನುವ ಲೆಕ್ಕ ಹಿಡಿದರೆ 100 ಡೆಸಿಬೆಲ್‌ಗೆ ಸಿಗುವುದು ಬರೀ 15 ನಿಮಿಷ. ನಮಗೆ ಆಗ ಯಾರೂ ಹೇಳಲಿಲ್ಲ. ಮೆಟಾಲಿಕಾ ಮರುದಿನ ಸಂಜೆಯವರೆಗೂ ನನ್ನ ಕಿವಿ ಗುಯ್ ಅನ್ನುತ್ತಿತ್ತು.

ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ರೂಮ್‌ಮೇಟ್ ಈಗ ಮೈಸೂರಿನಲ್ಲಿದ್ದಾಳೆ. ಹೋದ ಸಲ ಬೆಂಗಳೂರಿಗೆ ಬಂದಾಗ ಇಬ್ಬರೂ ನಾಟಕಕ್ಕೆಂದು ಸಂಸಕ್ಕೆ ಹೋಗಿದ್ದೆವು, ನಾಟಕ ಶುರುವಾಗುವ ಮುಂಚೆ ಯಾರೋ ಹಾರ್ಮೋನಿಯಂ ಶ್ರುತಿ ನೋಡುತ್ತಿದ್ದರು. ಕೊನೆಯ ಮೆಟ್ಟಿಲಲ್ಲಿ ಕೂತಿದ್ದೆವು, ಒಂದೊಂದು ಸ್ವರವೂ ಕೇಳುತ್ತಿತ್ತು. ಅವಳು ನನ್ನ ಕಡೆ ತಿರುಗಿ, “ಸರಿ ಕಣೇ, ಇದೊಂದು ಒಪ್ಪಿದೆ” ಅಂದಳು.